ಸೆಂಟ್ರಿಂಗ್ ಹೆಂಗೆ ಹಾಕಿದ್ರು?

ಹೋದ ತಿಂಗಳು ನಮ್ಮ ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ರೋಮ್ ನಗರದ ಪ್ಯಾಂಥಿಯನ್ ದೇವಾಲಯದ್ದು. ದೊಡ್ಡ ಗುಮ್ಮಟ, ಅದರ ನೆತ್ತಿಯಲ್ಲಿ ದುಂಡನೆಯ ತೂತು, ಅಲ್ಲಿಂದ ಒಳಗೆ ಬೀಳುವ ಬಿಸಿಲಕೋಲು. ಕೆಳಗೆ ಬರಹ: ‘ಒಂದು ಕಂಬಿಯೂ ಇಲ್ಲ, 1900 ವರ್ಷಗಳಿಂದ ನಿಂತಿದೆ. ಇಂದಿನ ಎಂಜಿನಿಯರುಗಳು ನಾಚಿಕೊಳ್ಳಬೇಕು’. ಸಿವಿಲ್ ಓದುವ ನಮಗೆ ಇಂಥವು ವಾರಕ್ಕೊಂದಾದರೂ ಬರುತ್ತವೆ. ಕಳಿಸುವವರು ಹೆಚ್ಚಾಗಿ ಕಂಪ್ಯೂಟರ್ ಸೈನ್ಸ್‌ನ ಗೆಳೆಯರೇ!

ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಓದಿದ್ದು ಏಳನೇ ಕ್ಲಾಸು. ಅವತ್ತು ರಾತ್ರಿ ಊಟ ಮಾಡುತ್ತಾ ನನ್ನ ಮೊಬೈಲಿನಲ್ಲಿ ಆ ವಿಡಿಯೊವನ್ನು ಎರಡು ಸಲ ನೋಡಿದರು. ನಾಚಿಕೆಯ ಮಾತು ಅವರ ಗಮನಕ್ಕೇ ಬರಲಿಲ್ಲ. ‘ಇಷ್ಟು ಎತ್ತರಕ್ಕೆ ಸೆಂಟ್ರಿಂಗ್ ಹೆಂಗೆ ಹಾಕಿದ್ರು ಮಗಾ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಮಳೆ ಬಂದ್ರೆ ಆ ತೂತಿನ ನೀರು ಎಲ್ಲಿಗೆ ಹೋಗ್ತದೆ?’ ಎಂದು ಕೇಳಿದರು. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಐದನೇ ಸೆಮಿಸ್ಟರ್‌ನಲ್ಲಿದ್ದೇನೆ, ಕಾಂಕ್ರೀಟ್ ಬಗ್ಗೆ ಒಂದು ಇಡೀ ಪೇಪರ್ ಬರೆದು ಪಾಸಾಗಿದ್ದೇನೆ. ಆದರೂ ಇರಲಿಲ್ಲ.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ ಗುಮ್ಮಟದ ಒಳವ್ಯಾಸ ಸುಮಾರು 43.3 ಮೀಟರ್. ನೆಲದಿಂದ ನೆತ್ತಿಯ ತೂತಿನವರೆಗಿನ ಎತ್ತರವೂ ಅಷ್ಟೇ. ಅಂದರೆ ಒಳಗೆ ಒಂದು ಪೂರ್ತಿ ಚೆಂಡನ್ನು ಕೂರಿಸಬಹುದು. ಕಂಬಿಯಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇದಕ್ಕಿಂತ ದೊಡ್ಡದು ಇವತ್ತಿಗೂ ಇಲ್ಲ. ಅದನ್ನು ಹೊರಲು ಕೆಳಗೆ ಕಮಾನುಕಟ್ಟಿನ ಮರದ ಚೌಕಟ್ಟು ಇದ್ದಿರಲೇಬೇಕು. ಆದರೆ ಆ ಚೌಕಟ್ಟನ್ನು ನೆಲದಿಂದ ಎಬ್ಬಿಸಿದರೋ, ಗೋಡೆಯ ಮೇಲಿಂದ ಚಾಚಿದರೋ ಬರೆದಿಟ್ಟವರಿಲ್ಲ. ವಿದ್ವಾಂಸರು ಇಂದಿಗೂ ವಾದಿಸುತ್ತಿರುವುದು ಅಪ್ಪ ಅನ್ನದ ತಟ್ಟೆಯ ಮುಂದೆ ಕುಳಿತು ಕೇಳಿದ ಪ್ರಶ್ನೆಯನ್ನೇ.

ಕಟ್ಟಿದವರ ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಮುಂಬಾಗಿಲ ಮೇಲೆ ‘ಮಾರ್ಕಸ್ ಅಗ್ರಿಪ್ಪ ಕಟ್ಟಿಸಿದ’ ಎಂದು ಆಳೆತ್ತರದ ಭರವಸೆಯಲ್ಲಿ ಕೆತ್ತಿದ್ದಾರೆ. ಅಗ್ರಿಪ್ಪ ಕಟ್ಟಿಸಿದ್ದು ಕ್ರಿಸ್ತಪೂರ್ವದಲ್ಲಿ. ಅದು ಕ್ರಿ.ಶ. 80ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದ್ದು 110ರಲ್ಲಿ ಸಿಡಿಲಿಗೆ ಸುಟ್ಟಿತು. ಈಗಿರುವುದು ಮೂರನೆಯದು. ಸಾಮ್ರಾಟ ಟ್ರೇಜನ್ ಕಾಲದಲ್ಲಿ ಶುರುವಾಗಿ, ಹೇಡ್ರಿಯನ್ ಕಾಲದಲ್ಲಿ, 125ರ ಸುಮಾರಿಗೆ ಮುಗಿದಿರಬೇಕು ಎಂಬುದು ಈಗಿನ ಅಂದಾಜು. ಹಳೆಯವನ ಹೆಸರನ್ನೇ ಉಳಿಸಿಕೊಂಡಿದ್ದರಿಂದ ಜನ ಶತಮಾನಗಟ್ಟಲೆ ಮೋಸಹೋದರು. 1892ರಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಜಾರ್ಜ್ ಶೆದಾನ್ ಗೋಡೆಯ ಇಟ್ಟಿಗೆಗಳ ಮೇಲಿನ ಮುದ್ರೆಗಳನ್ನು ನೋಡಿ ನಿಜ ಹೊರಗೆಡವಿದ. ಶಾಸನ ಹೇಳದ್ದನ್ನು ಇಟ್ಟಿಗೆ ಹೇಳಿತು. ನಮ್ಮೂರ ಭಟ್ಟಿಯ ಇಟ್ಟಿಗೆಗಳ ಮೇಲೂ ಅಕ್ಷರಗಳಿರುತ್ತವೆ. ನಾನು ಒಂದು ದಿನವೂ ತಿರುಗಿಸಿ ನೋಡಿದವನಲ್ಲ.

ಈಗ ಆ ‘ರಹಸ್ಯ’ಕ್ಕೆ ಬರೋಣ. ರೋಮನ್ನರ ಕಾಂಕ್ರೀಟಿಗೆ ಯಾವುದೋ ಕಳೆದುಹೋದ ಸೂತ್ರವಿತ್ತು ಎಂದು ಎಲ್ಲರೂ ನಂಬಿದ್ದಾರೆ. ಸುಣ್ಣದ ಜೊತೆ ಅವರು ಜ್ವಾಲಾಮುಖಿಯ ಬೂದಿ ಬೆರೆಸುತ್ತಿದ್ದರು. ನೇಪಲ್ಸ್ ಹತ್ತಿರದ ಪೊಝುವೊಲಿ ಎಂಬ ಊರಿನಿಂದ ಅದಕ್ಕೆ ಪೊಝೊಲಾನಾ ಎಂಬ ಹೆಸರು. ಈಗ ನಿಮ್ಮ ಬೀದಿಯಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಹೋಗಿ ಸಿಮೆಂಟ್ ಚೀಲ ಓದಿ. ಪಿಪಿಸಿ ಎಂದಿದ್ದರೆ ಅದು ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್. ಜ್ವಾಲಾಮುಖಿಯ ಬೂದಿಯ ಜಾಗದಲ್ಲಿ ಹೆಚ್ಚಾಗಿ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಇರುತ್ತದೆ, ಅಷ್ಟೇ. ನಮ್ಮ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದೂ ಸುರ್ಕಿ ಗಾರೆಯಲ್ಲಿ. ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಸೇರಿ ಮಾಡುವುದು ಅದೇ ಕೆಲಸ. ಕಳೆದುಹೋದದ್ದೇನೂ ಇಲ್ಲ, ಚೀಲದ ಮೇಲೆಯೇ ಬರೆದಿದೆ. 2023ರಲ್ಲಿ ರೋಮ್‌ಗೆ ಹತ್ತಿರದ ಪ್ರಿವೆರ್ನಮ್‌ನ ಹಳೆಯ ಗೋಡೆಯ ಚೂರುಗಳಲ್ಲಿ, ಬಿರುಕಿಗೆ ನೀರು ಹೋದಾಗ ಕರಗಿ ಬಿರುಕನ್ನು ತುಂಬಬಲ್ಲ ಸುಣ್ಣದ ಗಂಟುಗಳನ್ನು ಸಂಶೋಧಕರು ತೋರಿಸಿದರು. ಅದು ಹೊಸ ತಿಳಿವಳಿಕೆ, ನಿಜ. ಆದರೆ ಬರೀ ಗಟ್ಟಿತನದ ಲೆಕ್ಕದಲ್ಲಿ ರೋಮನ್ ಕಾಂಕ್ರೀಟ್ ನಮ್ಮ ಇಂದಿನ ಕಾಂಕ್ರೀಟ್‌ಗಿಂತ ಸಾಮಾನ್ಯವಾಗಿ ಕಡಿಮೆಯೇ.

ಹಾಗಾದರೆ ನಿಂತದ್ದು ಹೇಗೆ? ಭಾರವನ್ನು ಅವರು ಹಂಚಿದ ರೀತಿಯಿಂದ. ಅಡಿಪಾಯಕ್ಕೆ ಭಾರದ ಟ್ರಾವರ್ಟೀನ್ ಕಲ್ಲು, ಮೇಲೆ ಹೋದಂತೆ ಹಗುರ ಕಲ್ಲು ಮತ್ತು ಇಟ್ಟಿಗೆ ಚೂರು, ನೆತ್ತಿಯ ಹತ್ತಿರ ಜ್ವಾಲಾಮುಖಿಯ ತೂತುತೂತಾದ ಕಲ್ಲು. ಇಡೀ ಕಟ್ಟಡಕ್ಕೆ ಒಂದೇ ಜಲ್ಲಿ ಅಲ್ಲ. ಬುಡದಲ್ಲಿ ಆರು ಮೀಟರ್ ದಪ್ಪದ ಗುಮ್ಮಟ ತುದಿಯಲ್ಲಿ 1.2 ಮೀಟರ್‌ಗೆ ಇಳಿಯುತ್ತದೆ. ಅತಿ ಕಷ್ಟದ ಜಾಗವಾದ ನೆತ್ತಿಯಲ್ಲಿ ಕಾಂಕ್ರೀಟನ್ನೇ ಹಾಕಲಿಲ್ಲ, ಸುಮಾರು ಒಂಬತ್ತು ಮೀಟರ್ ಅಗಲ ತೆರೆದೇ ಬಿಟ್ಟರು. ಕಂಬಿ ಇಲ್ಲದ್ದರಿಂದ ತುಕ್ಕೂ ಇಲ್ಲ. ನಮ್ಮ ಮನೆಯ ಸಜ್ಜಾದಲ್ಲಿ ಹದಿನೈದೇ ವರ್ಷಕ್ಕೆ ಕಂಬಿ ತುಕ್ಕು ಹಿಡಿದು ಉಬ್ಬಿ ಸಿಮೆಂಟ್ ಉದುರಿದೆ. ಹಾಗೆಂದು ಕಂಬಿಯನ್ನು ಬೈಯುವಂತಿಲ್ಲ. ಕಂಬಿ ಬಿಟ್ಟು ಕಟ್ಟಿದರೆ ನಮ್ಮ ಗೋಡೆಯೂ ಆರು ಮೀಟರ್ ದಪ್ಪ ಬೇಕು. 30x40 ಸೈಟಿನಲ್ಲಿ ಗೋಡೆ ಮಾತ್ರ ಉಳಿಯುತ್ತದೆ, ಮನೆ ಇರುವುದಿಲ್ಲ.

ನನಗೆ ಅತಿ ಇಷ್ಟವಾದದ್ದು ಅದರ ತಪ್ಪುಗಳು. ಗುಮ್ಮಟ ಬಿರುಕು ಬಿಟ್ಟಿದೆ. ಬುಡದಿಂದ ಮೇಲಕ್ಕೆ, ಕಿತ್ತಳೆಯ ತೊಳೆ ಬಿಡಿಸಿದ ಹಾಗೆ ಬಿರುಕುಗಳಿವೆ. ಗುಮ್ಮಟದ ಕೆಳಭಾಗ ಹೊರಕ್ಕೆ ಎಳೆಯುತ್ತದೆ, ಎಳೆತಕ್ಕೆ ಕಾಂಕ್ರೀಟ್ ಸೋಲುತ್ತದೆ. ಇದು ನಾವು ಎರಡು ಅಂಕಕ್ಕೆ ಬರೆಯುವ ಉತ್ತರ. 1986ರಲ್ಲಿ ರಾಬರ್ಟ್ ಮಾರ್ಕ್ ಮತ್ತು ಪಾಲ್ ಹಚಿನ್ಸನ್ ಕಂಪ್ಯೂಟರ್ ಮಾದರಿ ಮಾಡಿ ನೋಡಿದಾಗ ತಿಳಿದದ್ದು, ಬಿರುಕು ಬಿಟ್ಟ ಮೇಲೆ ಅದು ಗುಮ್ಮಟದಂತೆ ಅಲ್ಲ, ಸುತ್ತ ನಿಲ್ಲಿಸಿದ ಕಮಾನುಗಳಂತೆ ಭಾರ ಹೊರುತ್ತಿದೆ ಎಂದು. ಆ ಕಮಾನುಗಳು ಹೊರಕ್ಕೆ ಜಾರದಂತೆ ದಪ್ಪ ಗೋಡೆ ಹಿಡಿದಿದೆ. ಇನ್ನು ಮುಂದಿನ ಪಡಸಾಲೆಯಲ್ಲಿ ಈಜಿಪ್ಟಿನಿಂದ ತಂದ ಸುಮಾರು 12 ಮೀಟರ್‌ನ ಒಂಟಿ ಕಲ್ಲಿನ ಕಂಬಗಳಿವೆ. ಅದು ಹಿಂದಿನ ಕಟ್ಟಡಕ್ಕೆ ಸರಿಯಾಗಿ ಕೂಡುವುದೇ ಇಲ್ಲ. ಅದಕ್ಕಿಂತ ಎತ್ತರದಲ್ಲಿ ಇನ್ನೊಂದು ತ್ರಿಕೋನದ ಗುರುತು ಗೋಡೆಯ ಮೇಲಿದೆ. 50 ಅಡಿಯ ಕಂಬಕ್ಕೆ ನಕ್ಷೆ ಹಾಕಿ, ಸಿಗದೆ 40 ಅಡಿಯದಕ್ಕೆ ಒಪ್ಪಿಕೊಂಡಿರಬಹುದು ಎಂಬುದು ಕೆಲವು ವಿದ್ವಾಂಸರ ಊಹೆ. ಅಪ್ಪನಿಗೆ ಇದನ್ನು ಹೇಳಿದಾಗ ಬಿದ್ದುಬಿದ್ದು ನಕ್ಕರು. ‘ಮಾಲು ಬರ್ನಿಲ್ಲ ಅಂದ್ರೆ ಎಲ್ಲಾ ಸೈಟಲ್ಲೂ ಹಿಂಗೇ’ ಎಂದರು.

ರೋಮನ್ನರು ಕಟ್ಟಿದ್ದೆಲ್ಲ ನಿಂತಿತೆಂದೂ ಅಲ್ಲ. ಕ್ರಿ.ಶ. 27ರಲ್ಲಿ ಫಿಡೆನೆ ಎಂಬಲ್ಲಿ ಮರದ ಕ್ರೀಡಾಂಗಣ ಕುಸಿದು ಸಾವಿರಾರು ಜನ ಸತ್ತರು, ಗಾಯಗೊಂಡರು. ಗಟ್ಟಿ ನೆಲ ನೋಡದೆ, ಲಾಭದಾಸೆಗೆ ಕಟ್ಟಿದ್ದು ಕಾರಣ ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಮಣ್ಣು ಪರೀಕ್ಷೆ ಮಾಡದ ಕಂಟ್ರಾಕ್ಟರು ಅಂದೂ ಇದ್ದ. ಬಿದ್ದವುಗಳ ವಿಡಿಯೊ ಯಾರೂ ಮಾಡುವುದಿಲ್ಲ.

ಪ್ಯಾಂಥಿಯನ್ ಉಳಿದದ್ದರಲ್ಲಿ ಕಟ್ಟಿದವರ ಪಾಲಿನಷ್ಟೇ ನೋಡಿಕೊಂಡವರ ಪಾಲೂ ಇದೆ. 202ರಲ್ಲಿಯೇ ದುರಸ್ತಿ ಮಾಡಿಸಿದ್ದಕ್ಕೆ ಬಾಗಿಲ ಮೇಲೆ ಶಾಸನವಿದೆ. 609ರಲ್ಲಿ ಅದು ಚರ್ಚ್ ಆಯಿತು, ಇವತ್ತಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. 663ರಲ್ಲಿ ಚಕ್ರವರ್ತಿಯೊಬ್ಬ ಮೇಲಿನ ಕಂಚಿನ ಹೊದಿಕೆ ಕಿತ್ತುಕೊಂಡು ಹೋದ, ಮುಂದಿನ ಶತಮಾನದಲ್ಲಿ ಸೀಸದ ಹೊದಿಕೆ ಹಾಕಿದರು. ಬಳಕೆಯಲ್ಲಿದ್ದದ್ದಕ್ಕೆ ಸೋರಿದರೆ ಕೇಳುವವರಿದ್ದರು.

ನಮ್ಮ ಪಠ್ಯದಲ್ಲಿ ಇಂಥ ಕಟ್ಟಡಗಳು ಮೊದಲ ಅಧ್ಯಾಯದ ಅರ್ಧ ಪುಟದಲ್ಲಿ ಬಂದು ಹೋಗುತ್ತವೆ. ಪರೀಕ್ಷೆಗೆ ಬರುವುದಿಲ್ಲ, ಆದ್ದರಿಂದ ಯಾರೂ ಓದುವುದಿಲ್ಲ. ಸೆಮಿಸ್ಟರಿಗೆ ಒಂದೇ ಒಂದು ನಿಜವಾದ ಕಟ್ಟಡವನ್ನು, ಅದರ ಬಿರುಕು, ಹೊಂದದ ಕಂಬ, ದುರಸ್ತಿ ಸಮೇತ ಬಿಡಿಸಿ ಓದಿಸಬೇಕು ಎಂದು ನಾನು ವಾದಿಸುತ್ತೇನೆ. ‘ಪ್ಲೇಸ್‌ಮೆಂಟಿಗೆ ಜಾವಾ ಕಲಿ, ಸಿವಿಲ್‌ನಲ್ಲಿ ಏನಿದೆ?’ ಎನ್ನುವ ಸೀನಿಯರ್‌ಗಳಿಗೆ ಕೊಡಲು ನನ್ನಲ್ಲಿ ಸಂಬಳದ ಲೆಕ್ಕದ ಉತ್ತರವಿಲ್ಲ. ಜಾವಾ ಕಲಿಯುತ್ತಲೂ ಇದ್ದೇನೆ. ಆದರೆ ಈ ಒಂದು ತಿಂಗಳು ಓದಿದ್ದಷ್ಟು ಕುತೂಹಲದಿಂದ ಎರಡೂವರೆ ವರ್ಷದಲ್ಲಿ ಏನನ್ನೂ ಓದಿರಲಿಲ್ಲ.

ಅಪ್ಪನ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು. ಮಳೆ ಒಳಗೇ ಬೀಳುತ್ತದೆ. ನೆಲ ನಡುವೆ ಸ್ವಲ್ಪ ಉಬ್ಬಿದೆ, ಅಮೃತಶಿಲೆಯ ಹಾಸಿನಲ್ಲಿ ಕಣ್ಣಿಗೆ ಬೀಳದಂಥ ಸಣ್ಣ ತೂತುಗಳಿವೆ, ಕೆಳಗೆ ಚರಂಡಿ ಇದೆ. ನಿನ್ನೆ ರಾತ್ರಿ ಹೇಳಿದೆ.

‘ಹಂಗಾದ್ರೆ ಇಳಿಜಾರು ಕೊಟ್ಟವ್ರೆ ಅನ್ನು’ ಎಂದು ತಲೆಯಾಡಿಸಿದರು. ಆಮೇಲೆ, ‘ನಾಳೆ ಆರು ಗಂಟೆಗೆ ಎದ್ದು ಸೈಟಿಗೆ ಹೋಗು. ನಿನ್ನೆ ಹಾಕಿದ ಮೋಲ್ಡಿಗೆ ನೀರು ಬಿಡ್ಬೇಕು’ ಎಂದರು.