ಸ್ಲ್ಯಾಬ್ ಹಾಕಿದ ದಿನ

ಧಾರವಾಡದ ನಮ್ಮ ಮನೆಗೆ ಸ್ಲ್ಯಾಬ್ ಹಾಕಿದ್ದನ್ನು ನಾನು ನೋಡಿದ್ದು ಪುಣೆಯ ಆಫೀಸಿನಲ್ಲಿ ಕೂತು, ವಿಡಿಯೊ ಕಾಲಿನಲ್ಲಿ. ಗೌಂಡಿ ಮಿಕ್ಸರಿಗೆ ಇನ್ನೊಂದು ಕೊಡ ನೀರು ಸುರಿದ. ಮಾಲು ಸಲೀಸಾಗಿ ಹರಿಯುತ್ತದೆ, ನಿಜ. ಆದರೆ ಆ ಹೆಚ್ಚಿನ ನೀರು ಆರಿದ ಮೇಲೆ ಒಳಗೆ ಸಣ್ಣ ಸಣ್ಣ ರಂಧ್ರಗಳು ಉಳಿದು ಕಾಂಕ್ರೀಟಿನ ಶಕ್ತಿ ಕುಗ್ಗುತ್ತದೆ. ನಾನು ಕೂಗಿದ್ದು ಮಿಕ್ಸರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಅಪ್ಪನೇ ಹೋಗಿ ಕೊಡ ಹಿಡಿದರು: "ಈಗ ಬ್ಯಾಡೋ, ನಾಳಿಂದ ಎಷ್ಟ್ ಬೇಕಾದ್ರೂ ಹಾಕು."

ವಿಚಿತ್ರ ನೋಡಿ, ಕಲಸುವಾಗ ಬೇಡವಾದ ನೀರೇ ಗಟ್ಟಿಯಾದ ಮೇಲೆ ಬೇಕು. ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ಸ್ಲ್ಯಾಬ್ ಹಸಿಯಾಗಿರಬೇಕು. ಮರುದಿನ ನೀರು ಹೊಡೆಯಲು ಆಳುಗಳು ಯಾರೂ ಬರಲಿಲ್ಲ. 72 ವರ್ಷದ ಅಪ್ಪ ತಾವೇ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ದಿನಾ ಬೆಳಗ್ಗೆ ಫೋಟೊ ಕಳಿಸುತ್ತಿದ್ದರು. ಕೊನೆಯ ದಿನದ ಫೋಟೊದ ಮೂಲೆಯಲ್ಲಿ ಒಂದು ಬಿದಿರಿನ ಏಣಿ ಕಂಡಿತು. ಮೆಟ್ಟಿಲು ಇನ್ನೂ ಆಗಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.