ಬೇರಿಯಾಟ್ರಿಕ್ ಸರ್ಜರಿ: ಹೊಟ್ಟೆ ಚಿಕ್ಕದು ಮಾಡಿಸಿದರೆ ಮತ್ತೆ ದಪ್ಪ ಆಗುವುದೇ ಇಲ್ಲವೇ?

ಬೊಜ್ಜಿನ ಆಪರೇಷನ್ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಥರದ ಮಾತು ಓಡಾಡುತ್ತವೆ. ‘ಒಮ್ಮೆ ಮಾಡಿಸಿದರೆ ಏನು ತಿಂದರೂ ತೂಕ ಏರುವುದಿಲ್ಲ’ ಎನ್ನುವುದು ಒಂದು. ‘ಎರಡೇ ವರ್ಷ, ಆಮೇಲೆ ಇಳಿದದ್ದೆಲ್ಲ ವಾಪಸ್’ ಎನ್ನುವುದು ಇನ್ನೊಂದು. ಎರಡೂ ನಿಜವಲ್ಲ. ಕಾರ್ಕಳ, ಉಡುಪಿ ಕಡೆಯ ಊಟ ತಿಂಡಿಯನ್ನೇ ಉದಾಹರಣೆಯಾಗಿಟ್ಟುಕೊಂಡು ಯಾಕೆಂದು ನೋಡೋಣ.

ಇದು ಕೊಬ್ಬು ತೆಗೆಯುವ ಸರ್ಜರಿಯೇ?

ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಸರ್ಜರಿಯ ನಂತರ ಮೃತಪಟ್ಟ ಸುದ್ದಿ ನಿಮಗೆ ನೆನಪಿರಬಹುದು. ಅದು ಅಂದಕ್ಕಾಗಿ ಮಾಡಿಸುವ ಚಿಕಿತ್ಸೆ. ಬೇರಿಯಾಟ್ರಿಕ್ ಸರ್ಜರಿ ನಡೆಯುವುದು ಜಠರ ಮತ್ತು ಕರುಳಿನ ಮೇಲೆ. ‘ಸ್ಲೀವ್’ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ‘ಬೈಪಾಸ್’ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಸಿವಿನ ಹಾರ್ಮೋನುಗಳೂ ಬದಲಾಗುವುದರಿಂದ ಸ್ವಲ್ಪಕ್ಕೇ ಹೊಟ್ಟೆ ತುಂಬಿದಂತಾಗುತ್ತದೆ.

ತೂಕ ವಾಪಸ್ ಬರುತ್ತದೆಯೇ?

ಸ್ವಲ್ಪ ಬರುತ್ತದೆ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಬೈಪಾಸ್ ಮಾಡಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ಇಳಿದಿತ್ತು. ಹತ್ತು ವರ್ಷದ ಬಳಿಕವೂ ಶೇ. 25ರಷ್ಟು ಇಳಿಕೆ ಉಳಿದಿತ್ತು. 120 ಕಿಲೋ ಇದ್ದವರ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 82ಕ್ಕೆ ಇಳಿದು ಮತ್ತೆ 90ರ ಹತ್ತಿರ ನಿಂತಂತೆ. ಇದು ಸರಾಸರಿ ಮಾತ್ರ. ಕೆಲವರಿಗೆ ಹೆಚ್ಚು ಮರಳುತ್ತದೆ, ಕೆಲವರಿಗೆ ಕಡಿಮೆ. ಅದಕ್ಕೆ ಹಲವು ಕಾರಣಗಳಿವೆ. ನಮ್ಮ ಕೈಯಲ್ಲಿರುವ ಮುಖ್ಯ ಕಾರಣ ಊಟದ ಅಭ್ಯಾಸ.

ಗಂಜಿ, ಬನ್ಸ್, ಜ್ಯೂಸ್: ಎಲ್ಲಿ ತಪ್ಪುತ್ತದೆ?

ಚಿಕ್ಕ ಜಠರ ಒಂದೇ ಸಲ ಹೆಚ್ಚು ತಿನ್ನಲು ಬಿಡುವುದಿಲ್ಲ. ಆದರೆ ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನುವುದನ್ನು ಅದು ತಡೆಯುವುದಿಲ್ಲ. ಬೆಳಗ್ಗೆ ಅರ್ಧ ಬನ್ಸ್, ಹನ್ನೊಂದಕ್ಕೆ ಎರಡು ಗೋಳಿಬಜೆ, ಸಂಜೆ ಸಕ್ಕರೆ ಹಾಕಿದ ಚಹಾ, ಅತ್ತೂರು ಜಾತ್ರೆಗೆ ಹೋದರೆ ಕೈಯಲ್ಲೊಂದು ಮಿಠಾಯಿ ಪೊಟ್ಟಣ. ಒಂದೊಂದೂ ಚಿಕ್ಕದೇ, ಕೂಡಿದರೆ ದೊಡ್ಡದು. ಜ್ಯೂಸ್, ಐಸ್‌ಕ್ರೀಂನಂಥವು ಹೊಟ್ಟೆಯಲ್ಲಿ ನಿಲ್ಲದೆ ಬೇಗ ಕೆಳಗಿಳಿಯುತ್ತವೆ. ಹೊಟ್ಟೆ ತುಂಬುವುದಿಲ್ಲ, ಕ್ಯಾಲೊರಿ ಮಾತ್ರ ಸೇರುತ್ತದೆ. ಬೈಪಾಸ್ ಆದವರು ಸಿಹಿ ಹೆಚ್ಚು ತಿಂದರೆ ಬೆವರು, ಎದೆಬಡಿತ, ಭೇದಿ ಆಗುವುದೂ ಇದೆ.

ಗಂಜಿ ಕೆಟ್ಟದ್ದಲ್ಲ. ಆದರೆ ಹುಷಾರಿಲ್ಲದವರಿಗೆ ಗಂಜಿ ಎಂಬ ನಮ್ಮ ರೂಢಿ ಇಲ್ಲಿ ಸಾಲದು. ಇವರಿಗೆ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು. ಆದ್ದರಿಂದ ತಟ್ಟೆಯಲ್ಲಿ ಮೊದಲು ಬಂಗುಡೆ, ಮೊಟ್ಟೆ, ಹೆಸರುಕಾಳು, ಪನೀರ್, ಮೊಸರು, ಅನ್ನ ಆಮೇಲೆ. ಮೀನು ಹುರಿದದ್ದಕ್ಕಿಂತ ಸಾರಿನದ್ದು ಒಳ್ಳೆಯದು. ನಿಧಾನವಾಗಿ ಅಗಿದು ತಿನ್ನಬೇಕು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು.

‘ತೂಕ ಇಳಿಯಿತು, ಇನ್ನು ಮಾತ್ರೆ ಯಾಕೆ?’

ಇದು ಎಲ್ಲಕ್ಕಿಂತ ಅಪಾಯದ ಮಾತು. ಆಪರೇಷನ್ ಬಳಿಕ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆ ಆಗುವ ಸಂಭವ ಹೆಚ್ಚು. ಬಿ12 ಕೊರತೆ ವರ್ಷಗಟ್ಟಲೆ ಗೊತ್ತಾಗದೆ ನರಗಳಿಗೆ ಹಾನಿ ಮಾಡಬಹುದು. ಪೂರಕ ಮಾತ್ರೆ ಮತ್ತು ರಕ್ತಪರೀಕ್ಷೆ ಜೀವನಪೂರ್ತಿ ಬೇಕು. ವಾಂತಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಬಿ1 ಕೊರತೆ ಕೆಲವೇ ವಾರಗಳಲ್ಲಿ ಮೆದುಳಿಗೆ ಪೆಟ್ಟು ಕೊಡಬಲ್ಲದು.

ಕೊನೆಯದಾಗಿ

ಸರ್ಜರಿ ಸುಳ್ಳಲ್ಲ, ಮ್ಯಾಜಿಕ್ಕೂ ಅಲ್ಲ. ಸ್ವೀಡನ್ ಅಧ್ಯಯನದಲ್ಲಿ ಸರ್ಜರಿ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣವೂ ಕಡಿಮೆಯಿತ್ತು. ತೂಕ ಮತ್ತೆ ಏರಿದರೆ ‘ತಿಂದು ಕೆಡಿಸಿಕೊಂಡರು’ ಎಂದು ಆಡಿಕೊಳ್ಳಬೇಡಿ. ಹಾಗೆ ಅಂದರೆ ಅವರು ನಾಚಿಕೊಂಡು ಡಾಕ್ಟರ ಬಳಿ ಹೋಗುವುದನ್ನೇ ಬಿಡಬಹುದು. ‘ಏನು ತಿಂದರೂ ನಡೆಯುತ್ತದೆ’ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.