ಬೇಸಿಗೆಯ ಪಾಲೆಷ್ಟು, ಯಂತ್ರದ ಪಾಲೆಷ್ಟು?

ಅಜ್ಜಂಪುರ ತಾಲೂಕಿನ ಶಿವನಿಯಂತಹ ಹೋಬಳಿ ಕೇಂದ್ರಗಳಲ್ಲಿ ವಿದ್ಯುತ್ ಕೈಕೊಟ್ಟಾಗ ಹಿಟ್ಟಿನ ಗಿರಣಿಗೂ ಅಡಿಕೆ ಸುಲಿಯುವ ಯಂತ್ರಕ್ಕೂ ವೆಲ್ಡಿಂಗ್ ಶಾಪಿಗೂ ಡೀಸೆಲ್ ಜನರೇಟರೇ ಆಸರೆ. ಫೆಬ್ರವರಿ ಕಳೆಯುತ್ತಿದ್ದಂತೆ ಡೀಸೆಲ್ ಖರ್ಚು ಏರತೊಡಗುತ್ತದೆ. ಆಗ ಮಾಲೀಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಕೆಲಸಗಾರನು ಎಣ್ಣೆ ಕದಿಯುತ್ತಿದ್ದಾನೆ, ಇಲ್ಲವೇ ಬೇಸಿಗೆಯೆಂದ ಮೇಲೆ ಇದು ಇದ್ದದ್ದೇ. ಮೊದಲನೆಯದು ಒಬ್ಬ ಬಡವನ ಮರ್ಯಾದೆಯ ಪ್ರಶ್ನೆ. ಎರಡನೆಯದು ಬಂಡವಾಳದ ಪ್ರಶ್ನೆ. ಎರಡನ್ನೂ ಲೆಕ್ಕವಿಲ್ಲದೆಯೇ ನಿರ್ಣಯಿಸಲಾಗುತ್ತಿರುವುದು ವಿಷಾದನೀಯ.

ಈ ವಿಷಯದಲ್ಲಿ ಹಡಗಿನವರಿಂದ ಕಲಿಯಬೇಕಾದ ಪಾಠವೊಂದಿದೆ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ಘಟ್ಟವಿಳಿದು ನವಮಂಗಳೂರು ಬಂದರಿನಿಂದ ಹಡಗೇರುತ್ತದೆ. ಅದನ್ನು ಹೊತ್ತೊಯ್ಯುವ ಹಡಗನ್ನು ನಡೆಸುವುದೂ ಬಹುತೇಕ ಡೀಸೆಲ್ ಎಂಜಿನ್ನೇ. ಅದೇ ಎಂಜಿನ್ ಜನವರಿಯಲ್ಲಿ ಯುರೋಪಿನ ಕೊರೆಯುವ ಚಳಿಯಲ್ಲಿಯೂ ಏಪ್ರಿಲ್‌ನಲ್ಲಿ ಅರಬ್ಬೀ ಸಮುದ್ರದ ಸೆಕೆಯಲ್ಲಿಯೂ ದುಡಿಯಬೇಕು. ಆದ್ದರಿಂದ ಅದರ ತಯಾರಕರು ಎರಡು ಅಳತೆಗೋಲುಗಳನ್ನು ಇಟ್ಟುಕೊಂಡಿರುತ್ತಾರೆ. ಐಎಸ್‌ಒ 3046 ಮಾನಕದ ಪ್ರಕಾರ ಗಾಳಿಯೂ ತಂಪುಕಾರಕ ನೀರೂ 25 ಡಿಗ್ರಿ ಸೆಲ್ಸಿಯಸ್ ಇರುವಾಗಿನ ಬಳಕೆ ಒಂದು. ಗಾಳಿ 45 ಡಿಗ್ರಿ, ಸಮುದ್ರದ ನೀರು 32 ಡಿಗ್ರಿ ಇರುವ ಉಷ್ಣವಲಯದ ಸ್ಥಿತಿ ಇನ್ನೊಂದು. ಎಂಜಿನ್ ಕೋಣೆಯಲ್ಲಿ ಉಷ್ಣತೆ, ಇಂಧನ, ಶಕ್ತಿ ಇವೆಲ್ಲವನ್ನೂ ಪ್ರತಿದಿನವೂ ದಾಖಲಿಸಲಾಗುತ್ತದೆ.

ಕಾರಣ ಸರಳವಾದುದು. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 25 ಡಿಗ್ರಿಯ ಗಾಳಿ 40 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಸಿಲಿಂಡರಿಗೆ ಹೋಗುವ ಗಾಳಿಯ ಗಾತ್ರ ಅಷ್ಟೇ ಇದ್ದರೂ ಅದರಲ್ಲಿನ ಆಮ್ಲಜನಕ ಕಡಿಮೆ. ಭಾರ ಅಷ್ಟೇ ಇದ್ದು ಗಾಳಿ ಸಾಲದಾದಾಗ ಇಂಧನ ಪೂರ್ಣವಾಗಿ ಉರಿಯದೆ ಕಪ್ಪು ಹೊಗೆಯಾಗಿ ಹೊರಬರುತ್ತದೆ. ದಹನದ ಶಾಖ ಹೆಚ್ಚಿದಂತೆ ನೈಟ್ರೋಜನ್ ಆಕ್ಸೈಡುಗಳೂ ಹೆಚ್ಚುತ್ತವೆ; ಗಾಳಿಯಲ್ಲಿನ ತೇವಾಂಶ ಅವನ್ನು ತಗ್ಗಿಸುತ್ತದೆ. ಆದುದರಿಂದಲೇ ಹಡಗಿನ ಎಂಜಿನ್ನುಗಳ ಹೊಗೆಯನ್ನು ಪರೀಕ್ಷಿಸುವಾಗ ಉಷ್ಣತೆ ಮತ್ತು ತೇವಾಂಶಕ್ಕೆ ತಕ್ಕ ತಿದ್ದುಪಡಿ ಮಾಡುವುದು ಅಂತರರಾಷ್ಟ್ರೀಯ ನಿಯಮ. ಚಳಿಯಲ್ಲಿ ತೊಂದರೆ ಬೇರೆ ಬಗೆಯದು: ತಣ್ಣಗಿರುವ ಎಂಜಿನ್ನಿನಲ್ಲಿ ಇಂಧನ ಹೊತ್ತಿಕೊಳ್ಳುವುದು ತಡವಾಗಿ ಬೆಳಗಿನ ಹೊತ್ತು ಬಿಳಿ ಹೊಗೆ ಕಾಣಿಸುತ್ತದೆ.

ಇಷ್ಟಾದರೂ ಋತುವಿನ ಪಾಲು ಎಷ್ಟು ಎಂಬುದೇ ಮುಖ್ಯವಾದ ಪ್ರಶ್ನೆ. ಹಡಗಿನ ದೊಡ್ಡ ಟೂ-ಸ್ಟ್ರೋಕ್ ಎಂಜಿನ್ನುಗಳಲ್ಲಿ ಒಳಹೋಗುವ ಗಾಳಿ 10 ಡಿಗ್ರಿ ಏರಿದರೆ ಇಂಧನದ ಬಳಕೆ ಸುಮಾರು ಶೇ. 0.2ರಷ್ಟು, ತಂಪುಕಾರಕ ನೀರು 10 ಡಿಗ್ರಿ ಏರಿದರೆ ಸುಮಾರು ಶೇ. 0.6ರಷ್ಟು ಹೆಚ್ಚುತ್ತದೆ. ಗಾಳಿ 25 ಡಿಗ್ರಿ, ನೀರು 20 ಡಿಗ್ರಿ ಏರಿತೆಂದು ಭಾವಿಸಿದರೂ ಒಟ್ಟು ಹೆಚ್ಚಳ ಶೇ. 1.7ರ ಆಸುಪಾಸು. ದಿನಕ್ಕೆ 40 ಟನ್ ಸುಡುವ ಹಡಗಿಗೆ ಇದು ಸುಮಾರು 680 ಕಿಲೋ. ಪ್ರತಿ ಟನ್ ಭಾರ ಇಂಧನದಿಂದ ಮೂರು ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಮತ್ತು 2023ರಿಂದ 5,000 ಟನ್ನೇಜಿಗೆ ಮೇಲ್ಪಟ್ಟ ಹಡಗುಗಳ ಇಂಗಾಲ ದಕ್ಷತೆಗೆ ವರ್ಷವರ್ಷವೂ ‘ಎ’ಯಿಂದ ‘ಇ’ವರೆಗೆ ಶ್ರೇಣಿ ನೀಡಲಾಗುತ್ತಿರುವುದರಿಂದ, ಈ ಅಲ್ಪ ಪ್ರಮಾಣವನ್ನೂ ಹಡಗಿನವರು ಕಡೆಗಣಿಸುವುದಿಲ್ಲ.

ಶಿವನಿಯ ಶೆಡ್ಡಿನಲ್ಲಿರುವ ಚಿಕ್ಕ ಎಂಜಿನ್ನಿಗೆ ಈ ಅಂಕಿಗಳು ಯಥಾವತ್ತಾಗಿ ಅನ್ವಯಿಸವು. ಹಡಗಿನ ಎಂಜಿನ್ನಿಗೆ ಟರ್ಬೋಚಾರ್ಜರ್ ಇದೆ, ಗಾಳಿಯನ್ನು ತಂಪುಗೊಳಿಸುವ ಕೂಲರ್ ಇದೆ. ಇವೆರಡೂ ಇಲ್ಲದ ಸಣ್ಣ ಎಂಜಿನ್ನು ಬಿಸಿಗಾಳಿಗೆ ಹೆಚ್ಚು ಸೊರಗುತ್ತದೆ. ಆದರೂ ಅಲ್ಲಿನ ಪಾಠ ಇಲ್ಲಿಗೂ ಸಲ್ಲುತ್ತದೆ: ಋತುವಿಗೆ ಒಂದು ಪಾಲುಂಟು, ಆ ಪಾಲಿಗೆ ಒಂದು ಮಿತಿಯೂ ಉಂಟು. ಉದಾಹರಣೆಗೆ, ಡಿಸೆಂಬರಿನಲ್ಲಿ ಲೀಟರಿಗೆ 3.2 ಯೂನಿಟ್ ಕೊಡುತ್ತಿದ್ದ ಜನರೇಟರ್ ಅಷ್ಟೇ ಭಾರದಲ್ಲಿ ಏಪ್ರಿಲ್‌ನಲ್ಲಿ 3.1 ಕೊಟ್ಟರೆ ಅದನ್ನು ಬಿಸಿಲಿನ ಖಾತೆಗೆ ಬರೆಯಬಹುದು. 2.7ಕ್ಕೆ ಇಳಿದರೆ ಬಿಸಿಲಿನ ಹೆಸರು ಹೇಳುವುದು ಸಲ್ಲದು. ತಿಂಗಳಿಗೆ 1,600 ಯೂನಿಟ್ ಎಂದಿಟ್ಟುಕೊಂಡರೆ ಮೊದಲನೆಯ ಸಂದರ್ಭದಲ್ಲಿ ಹೆಚ್ಚುವರಿ ಖರ್ಚು 16 ಲೀಟರ್. ಎರಡನೆಯದರಲ್ಲಿ 93 ಲೀಟರ್. ನಡುವಿನ 77 ಲೀಟರಿಗೆ ಏರ್ ಫಿಲ್ಟರಿನ ಧೂಳು, ರೇಡಿಯೇಟರಿನ ಕೊಳೆ, ಇಂಜೆಕ್ಟರಿನ ಸವಕಳಿ, ಅಥವಾ ತಾನೇ ಬಿಟ್ಟ ಬಿಸಿಗಾಳಿಯನ್ನು ತಾನೇ ಮತ್ತೆ ಸೇದುವಂತೆ ಮುಚ್ಚಿಟ್ಟ ಶೆಡ್ಡು ಉತ್ತರ ಹೇಳಬೇಕು. ಇವೆಲ್ಲ ಸರಿಯಿದ್ದ ಮೇಲಷ್ಟೇ ಮನುಷ್ಯನ ಮೇಲೆ ಅನುಮಾನ.

ದಾಸ್ತಾನಿನ ಲೆಕ್ಕದಲ್ಲಿಯೂ ಉಷ್ಣತೆಯ ಕೈವಾಡವಿದೆ. ಡೀಸೆಲ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.08ರಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಮಧ್ಯಾಹ್ನ 35 ಡಿಗ್ರಿಯಲ್ಲಿ ಅಳೆದ 200 ಲೀಟರಿನ ಬ್ಯಾರೆಲ್ಲನ್ನು ಮುಂಜಾನೆ 23 ಡಿಗ್ರಿಯಲ್ಲಿ ಅಳೆದರೆ ಸುಮಾರು ಎರಡು ಲೀಟರ್ ಕಡಿಮೆ ಕಾಣುತ್ತದೆ. ತೂಕದಲ್ಲಿ ಒಂದು ಗ್ರಾಮೂ ಹೋಗಿರುವುದಿಲ್ಲ. ಈ ಎರಡು ಲೀಟರಿಗಾಗಿ ಕಾವಲುಗಾರನನ್ನು ಪ್ರಶ್ನಿಸುವುದು ಅನ್ಯಾಯ.

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯಿಂದ ಡೀಸೆಲ್ ಹೊರಗುಳಿದಿದೆ. ಹೀಗಾಗಿ ಅದರ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ; ವ್ಯರ್ಥವಾದ ಪ್ರತಿ ಲೀಟರೂ ಪೂರ್ಣ ಬೆಲೆಯಲ್ಲಿ ಲಾಭದಿಂದಲೇ ಕಳೆಯುತ್ತದೆ. ಜೊತೆಗೆ ಪ್ರತಿ ಲೀಟರ್ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡನ್ನು ಊರಿನ ಗಾಳಿಗೆ ಸೇರಿಸುತ್ತದೆ. 2023ರ ಜುಲೈ 1ರಿಂದ ಹೊಸ ಜನರೇಟರುಗಳಿಗೆ ಕಠಿಣವಾದ ಹೊಗೆ ನಿಯಮಗಳು ಅನ್ವಯವಾಗಿವೆ ನಿಜ. ಆದರೆ ಹಳೆಯ ಯಂತ್ರಗಳ ಹೊಗೆಯನ್ನು ತಗ್ಗಿಸುವುದು ಮಾಲೀಕರ ಎಚ್ಚರವೊಂದೇ.

ಇದಕ್ಕೆ ದೊಡ್ಡ ವೆಚ್ಚವೇನೂ ಬೇಡ. ಒಂದು ನೋಟುಬುಕ್ಕು, ಒಂದು ಉಷ್ಣಮಾಪಕ, ಜನರೇಟರಿಗೊಂದು ಯೂನಿಟ್ ಮೀಟರ್ ಸಾಕು. ದಿನಾಂಕ, ಶೆಡ್ಡಿನ ಉಷ್ಣತೆ, ಓಡಿದ ಗಂಟೆ, ಯೂನಿಟ್, ಡೀಸೆಲ್ ಎಂಬ ಐದು ಅಂಕಣಗಳನ್ನು ಒಂದು ವರ್ಷ ತುಂಬಿದರೆ ಋತುವಿನ ಪಾಲು ತಾನಾಗಿಯೇ ಬೇರ್ಪಡುತ್ತದೆ. ಹೊಸ ಯಂತ್ರ ಕೊಳ್ಳುವವರು ಫಲಕದಲ್ಲಿನ ಶಕ್ತಿಯನ್ನಷ್ಟೇ ನೋಡದೆ, 40 ಡಿಗ್ರಿಯಲ್ಲಿ, ತಮ್ಮ ಊರಿನ ಎತ್ತರದಲ್ಲಿ ಅದು ಎಷ್ಟು ಕೊಡಬಲ್ಲದೆಂದು ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕು. ವಾಣಿಜ್ಯ ಸಂಘಗಳು ಇಂತಹ ದಾಖಲೆಯ ಮಾದರಿ ಪುಟವೊಂದನ್ನು ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಿದರೆ ಅದು ಸಾರ್ಥಕವಾದ ಸೇವೆಯಾಗುತ್ತದೆ.

ಬಿಸಿಲನ್ನು ಯಾರೂ ತಡೆಯಲಾರರು. ಆದರೆ ಬಿಸಿಲಿನ ಹೆಸರಿನಲ್ಲಿ ನಡೆಯುವ ನಷ್ಟವನ್ನೂ, ನಷ್ಟದ ಹೆಸರಿನಲ್ಲಿ ನಿರಪರಾಧಿಯ ಮೇಲೆ ಬರುವ ಅಪವಾದವನ್ನೂ ತಡೆಯುವುದು ಲೆಕ್ಕ ಬರೆಯುವ ಕೈಯಲ್ಲಿಯೇ ಇದೆ.